ಒಂದು ಹಳೆಯ ಗರಗಸ ಹಾಗೂ ನಮ್ಮ ಕಾಯಕದ ಮಾತು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಈ ತಿಂಗಳ ಗೋಷ್ಠಿಯಲ್ಲಿ ಶರಣರ ಕಾಯಕ ತತ್ತ್ವದ ಬಗ್ಗೆ ಮಾತನಾಡಬೇಕು ಅಂತ ಅಪ್ಪಗಳು ಅಪ್ಪಣೆ ಕೊಡಿಸಿದರು. ಈ ವಿಷಯದ ಮೇಲೆ ನಾನು ಮಾತನಾಡುವುದು ಇದು ಮೊದಲಲ್ಲ. ನೌಕರಿಯಲ್ಲಿದ್ದಾಗಲೇ ಬಸವ ಜಯಂತಿ ಬಂತೆಂದರೆ ಎರಡು ಮೂರು ಕಡೆ ಕರೆಯುತ್ತಿದ್ದರು. ಅದಕ್ಕೆಂದೇ ಒಂದು ಫೈಲು ಮಾಡಿಟ್ಟಿದ್ದೆ. ಬೇಕಾದ ವಚನಗಳು, ನಡುವೆ ಹೇಳಲು ಒಂದೆರಡು ಕಥೆ, ಕೊನೆಗೆ ಚಪ್ಪಾಳೆ ಬೀಳುವಂಥ ಒಂದು ಮಾತು, ಎಲ್ಲ ಅದರಲ್ಲಿದ್ದವು. ಈ ಸಲ ಆ ಫೈಲು ತಂದಿಲ್ಲ. ಅದರ ಬದಲು ಈ ಚೀಲ ತಂದಿದ್ದೇನೆ. ಇದರೊಳಗೆ ಕೆಟ್ಟುಹೋದ ಒಂದು ಬೇರಿಂಗು ಮತ್ತು ಒಂದು ಉಕ್ಕಿನ ಪಟ್ಟಿ ಇವೆ. ಆಮೇಲೆ ತೋರಿಸುತ್ತೇನೆ.

ನಿವೃತ್ತಿಯಾದ ಮೇಲೆ ನನ್ನ ಬಳಿ ಪುಸ್ತಕಗಳು ಬಹಳವಾದವು. ವಚನ ಸಂಪುಟಗಳೇ ಹದಿನೈದು. ಅವನ್ನೆಲ್ಲ ಇಡಲು ಕಪಾಟು ಬೇಕಿತ್ತು. ರೆಡಿಮೇಡ್ ಕಪಾಟು ತಂದರೆ ಎರಡು ವರ್ಷದಲ್ಲಿ ಹಲಗೆ ನಡುವೆ ಬಾಗುತ್ತದೆ, ಅದು ನನಗೆ ಗೊತ್ತು. ಹೀಗಾಗಿ ಧಾರವಾಡದ ಹೊರವಲಯದಲ್ಲಿರುವ ನನ್ನ ಪರಿಚಯದ ಬಡಿಗೇರ ಕಾಕಾನ ಮನೆಗೆ ಹೋದೆ. ‘ಪರಿಚಯದ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ. ಅವರು ಮನೆಯಲ್ಲಿ ಇರಲಿಲ್ಲ. ಕಾಯುತ್ತ ಹಿತ್ತಲಿಗೆ ಹೋದಾಗ ಬೇವಿನ ಗಿಡದ ಕೆಳಗೆ, ಹರಿದ ತಾಡಪತ್ರಿಯ ಅಡಿಯಲ್ಲಿ ಒಂದು ಕಬ್ಬಿಣದ ಮೇಜು ಕಂಡಿತು. ನಡುವೆ ಸೀಳು, ಸೀಳಿನಲ್ಲಿ ತುಕ್ಕು ಹಿಡಿದ ಗುಂಡು ಗರಗಸ. ಟೇಬಲ್ ಸಾ ಅನ್ನುತ್ತಾರಲ್ಲ, ಅದು. ನಮ್ಮ ಕಡೆ ಬರೀ ‘ಕಟಿಂಗ್ ಮಷಿನ್’. ಮೇಜು ಎರಕದ ಕಬ್ಬಿಣದ್ದು, ಕಾಲುಗಳು ಆ್ಯಂಗಲ್ ಕಬ್ಬಿಣದವು. ಕೋಳಿಯೊಂದು ಅದರ ಮೇಲೆ ಕೂತಿತ್ತು.

ಕಾಕಾ ಬಂದ ಮೇಲೆ ಕಪಾಟಿನ ಮಾತು ಬಿಟ್ಟು, “ಇದನ್ನ ಕೊಡ್ತೀರೇನು?” ಅಂದೆ.

“ಗುಜರಿಗೆ ಹಾಕಬೇಕಂತ ಇಟ್ಟೀನಿ. ನಿಮಗ ಯಾಕ ಬೇಕ್ರಿ ಸಾಹೇಬ್ರ?”

“ರಿಪೇರಿ ಮಾಡಿ ಮನ್ಯಾಗ ಇಟ್ಕೋತೀನಿ. ಕಪಾಟು ನಾನ ಮಾಡ್ತೀನಿ.”

ಅವರು ನಕ್ಕರು. “ನಿಮಗ ಇದು ಆಟ ಆಗತೈತಿ. ನಮಗ ಹೊಟ್ಟಿ ಇತ್ತು” ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಕಬ್ಬಿಣದ ತೂಕಕ್ಕೆ ಏನು ಬರುತ್ತದೋ ಅಷ್ಟನ್ನೇ ತೆಗೆದುಕೊಂಡರು. ಹೆಚ್ಚಿಗೆ ಕೊಟ್ಟದ್ದನ್ನು ಮಗನ ಕೈಯಲ್ಲಿ ವಾಪಸು ಕಳಿಸಿದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಾಯಕ ಮತ್ತು ಕೈಲಾಸವನ್ನು ಸೇರಿಸಿ ಹೇಳುವ ಮಾತು ನಮ್ಮ ಪ್ರತಿ ಬ್ಯಾನರಿನ ಮೇಲೆ, ಪ್ರತಿ ಆಮಂತ್ರಣ ಪತ್ರಿಕೆಯ ಮೇಲೆ ಇರುತ್ತದೆ. ಪಿಂಚಣಿ ಬರುವ ಮನುಷ್ಯ ಸಂಜೆ ಹೊತ್ತು ಷೆಡ್ಡಿನಲ್ಲಿ ಮರ ಕೊಯ್ದರೆ ಅದು ಕಾಯಕವೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಅದು ಹವ್ಯಾಸ. ಅದರಿಂದ ಹೊಟ್ಟೆ ತುಂಬಬೇಕಾಗಿಲ್ಲ, ದಾಸೋಹ ನಡೆಯಬೇಕಾಗಿಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಇನ್ನು ಯಂತ್ರದ ಮಾತು. ತಾಯಂದಿರು ಬೇಸರಪಡಬಾರದು, ಸ್ವಲ್ಪ ಕೇಳಬೇಕು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗು. ಕಾಲುವೆ, ಕಟ್ಟಡ, ಸಿಮೆಂಟು ಇವು ನನಗೆ ಗೊತ್ತು. ಬೇರಿಂಗು, ಬೆಲ್ಟು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಓದಿ ಮರೆತಿದ್ದೆ. ಯಂತ್ರವನ್ನು ಬಿಚ್ಚಿದಾಗ ಮೊದಲು ಕಂಡದ್ದೇ ಈ ಬೇರಿಂಗು. ನೋಡಿ, ಬೆರಳು ಹಾಕಿ ತಿರುಗಿಸಿದರೆ ಕರ್ರಂ ಕರ್ರಂ ಅನ್ನುತ್ತದೆ. ಒಳಗಿನ ಗ್ರೀಸು ಒಣಗಿ ಮರದ ಪುಡಿಯ ಜೊತೆ ಕಲ್ಲಾಗಿದೆ. 25 ಮಿಲಿಮೀಟರ್ ಶಾಫ್ಟು, ಎರಡು ಕಡೆ ಪ್ಲಮ್ಮರ್ ಬ್ಲಾಕು. ಹೊಸವು ಹುಬ್ಬಳ್ಳಿಯ ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತವೆ. ಪುಲ್ಲಿಯನ್ನು ಮಾತ್ರ ಶಾಫ್ಟಿನಿಂದ ಬಿಡಿಸಲು ಎರಡು ದಿನ ಹಿಡಿಯಿತು. ಸುತ್ತಿಗೆಯಿಂದ ಹೊಡೆಯಲು ಹೋಗಿದ್ದೆ. ಎರಕದ ಕಬ್ಬಿಣ ಹೊಡೆತಕ್ಕೆ ಸೀಳುತ್ತದೆ ಅಂತ ಕಾಕಾ ತಡೆದರು. ಸೀಮೆಎಣ್ಣೆ ಹಾಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಪುಲ್ಲರ್ ಹಚ್ಚಿ ನಿಧಾನ ಎಳೆದಾಗ ಬಂತು.

ಚಿಕ್ಕ ಭಾಗಗಳ ತುಕ್ಕು ತೆಗೆಯಲು ಒಂದು ಸುಲಭದ ಉಪಾಯವಿದೆ. ರೈತ ಬಂಧುಗಳಿಗೆ ಕೂಡ ಉಪಯೋಗ, ಅದಕ್ಕೇ ಹೇಳುತ್ತೇನೆ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೀರು, ಅದಕ್ಕೆ ಒಂದಷ್ಟು ಬಟ್ಟೆ ಸೋಡಾ. ತುಕ್ಕು ಹಿಡಿದ ಭಾಗಕ್ಕೆ ಬ್ಯಾಟರಿ ಚಾರ್ಜರಿನ ನೆಗೆಟಿವ್, ಬೇಡವಾದ ಒಂದು ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿಯೆಲ್ಲ ಬಿಟ್ಟರೆ ತುಕ್ಕು ಸಡಿಲಾಗಿ ಕಪ್ಪು ಪುಡಿಯಾಗುತ್ತದೆ, ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ. ಒಳ್ಳೆಯ ಕಬ್ಬಿಣ ಸವೆಯುವುದಿಲ್ಲ. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಗಿಮಚ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಗುಳ್ಳೆಯಾಗಿ ಏಳುವುದು ಜಲಜನಕ, ಅದಕ್ಕೆ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸೇದಬಾರದು. ದೊಡ್ಡ ಮೇಜಿಗೆ ಇದು ಆಗಲಿಲ್ಲ. ಸೀಮೆಎಣ್ಣೆ, ಎಮರಿ ಕಾಗದ, ಮತ್ತೆ ರಟ್ಟೆ. ಮೂರು ವಾರ.

ಆಮೇಲೆ ಬ್ಲೇಡನ್ನು ಮೇಜಿನ ಗಾಡಿಗೆ ಸಮಾನಾಂತರ ಮಾಡುವ ಕೆಲಸ. ಗಾಡಿ ಅಂದರೆ ಮೇಜಿನ ಮೇಲೆ ಉದ್ದಕ್ಕೆ ಕೊರೆದ ಕಾಲುವೆ. ಬ್ಲೇಡು ಅದಕ್ಕೆ ಸ್ವಲ್ಪ ಓರೆಯಾದರೂ ಮರ ಸುಡುತ್ತದೆ, ಸಿಕ್ಕಿಕೊಳ್ಳುತ್ತದೆ. ನಾನು ಡಯಲ್ ಗೇಜ್ ತಂದೆ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದೇ ಹಲ್ಲನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದೆ. ಕಾಕಾ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ನಾನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕುವಷ್ಟರಲ್ಲಿ ಅವರು ಒಂದು ರೀಪಿಗೆ ಸ್ಕ್ರೂ ಹೊಡೆದು, ರೀಪನ್ನು ಗಾಡಿಯಲ್ಲಿ ಕೂರಿಸಿ, ಸ್ಕ್ರೂ ತಲೆ ಹಲ್ಲಿಗೆ ಸವರುವ ಹಾಗೆ ಹಿಡಿದರು. ಮುಂದೆ ಸದ್ದು ಬಂತು. ಹಿಂದೆ ಬರಲಿಲ್ಲ. “ಹಿಂದ ದೂರ ಐತಿ ನೋಡ್ರಿ” ಅಂದರು. ನನ್ನ ಗೇಜು 0.6 ಮಿಲಿಮೀಟರ್ ತೋರಿಸಿತು. ಅವರ ಕಿವಿ ಅಂಕಿ ಹೇಳಲಿಲ್ಲ, ಯಾವ ಬೋಲ್ಟು ಸಡಿಲಿಸಬೇಕು ಅನ್ನುವುದನ್ನು ಹೇಳಿತು. ಇಬ್ಬರೂ ಸೇರಿ 0.1ರೊಳಗೆ ತಂದೆವು.

ಮೊದಲು ಇದಕ್ಕೆ ಮೂರು ಫೇಸಿನ ಮೋಟಾರಿತ್ತು. ನಮ್ಮ ಮನೆಗೆ ಸಿಂಗಲ್ ಫೇಸ್. 2 ಹೆಚ್.ಪಿ., ನಿಮಿಷಕ್ಕೆ 1440 ಸುತ್ತಿನ ಮೋಟಾರು ಹಾಕಿದೆ. ಮೋಟಾರಿಗೆ 6 ಇಂಚಿನ ಪುಲ್ಲಿ, ಶಾಫ್ಟಿಗೆ 3 ಇಂಚಿನದು, ಅಲ್ಲಿಗೆ ಬ್ಲೇಡು ನಿಮಿಷಕ್ಕೆ 2880 ಸುತ್ತು. 10 ಇಂಚಿನ ಬ್ಲೇಡಿನ ಹಲ್ಲಿನ ವೇಗ ಸೆಕೆಂಡಿಗೆ 38 ಮೀಟರ್ ಆಯಿತು, ಗಂಟೆಗೆ ಸುಮಾರು 138 ಕಿಲೋಮೀಟರ್. ಹೈವೇಯಲ್ಲಿ ಕಾರು ಅಷ್ಟು ವೇಗ ಹೋದರೆ ನಾವು ಡ್ರೈವರನಿಗೆ ಬೈಯುತ್ತೇವೆ. ಇಲ್ಲಿ ಅದೇ ವೇಗದ ಉಕ್ಕಿನ ಹಲ್ಲು ಬೆರಳಿನಿಂದ ನಾಲ್ಕು ಇಂಚು ದೂರದಲ್ಲಿ ಓಡುತ್ತಿರುತ್ತದೆ, ಅದನ್ನು ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ.

ಇಲ್ಲಿಗೆ ‘ಪರಿಚಯದ’ ಎಂಬ ಮಾತಿಗೆ ಬರಬೇಕು.

ಕಾಕಾನ ಎಡಗೈಯ ತೋರುಬೆರಳು, ನಡುಬೆರಳು ಅರ್ಧ ಇಲ್ಲ. ಅವು ಹೋದದ್ದು ಇದೇ ಯಂತ್ರದಲ್ಲಿ, ನನ್ನದೇ ಕಾಮಗಾರಿಯಲ್ಲಿ. ನಾನು ಆಗ ಸಹಾಯಕ ಕಾರ್ಯಪಾಲಕ ಅಭಿಯಂತರ. ಒಂದಷ್ಟು ವಸತಿಗೃಹಗಳನ್ನು ಕಟ್ಟಿಸುತ್ತಿದ್ದೆವು. ಬಾಗಿಲು ಕಿಟಕಿಯ ಚೌಕಟ್ಟುಗಳಿಗಾಗಿ ಗುತ್ತಿಗೆದಾರರು ಕಾಕಾನನ್ನು ಯಂತ್ರಸಮೇತ ಕರೆಸಿದ್ದರು. ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರಕ್ಕಿದ್ದದ್ದು ಹಿಡಿಕೆ ಎಳೆದು ಹಾಕುವ ಮೇನ್ ಸ್ವಿಚ್. ಕರೆಂಟು ಹೋದರೂ ಹಿಡಿಕೆ ‘ಆನ್’ನಲ್ಲೇ ಇರುತ್ತದೆ. ಬ್ಲೇಡು ನಿಂತಿದೆ, ಸೀಳಿನಲ್ಲಿ ಮರದ ಚಕ್ಕೆ ಸಿಕ್ಕಿಕೊಂಡಿದೆ, ಅದನ್ನು ಬೆರಳಿನಿಂದ ತೆಗೆಯಲು ಹೋಗಿದ್ದಾರೆ. ಕರೆಂಟು ಬಂತು.

ನಾನು ಸಂಜೆ ಸೈಟಿಗೆ ಹೋದೆ. ನೆಲದ ಮೇಲೆ ಮರದ ಪುಡಿ ಹಾಕಿ ರಕ್ತ ಮುಚ್ಚಿದ್ದರು. ಏನಾಯಿತು ಅಂತ ಕೇಳಿದೆ, ಹೇಳಿದರು. ಆಸ್ಪತ್ರೆಗೆ ಕಳಿಸಿದ್ದೀರಾ ಅಂತ ಕೇಳಿದೆ, ಹೌದು ಅಂದರು. ಆಮೇಲೆ ನಾನು ಕೇಳಿದ ಪ್ರಶ್ನೆ ಹೀಗಿತ್ತು: “ಹಂಗಾದ್ರ ಚೌಕಟ್ಟು ಯಾವಾಗ ಮುಗೀತಾವು?” ಇದನ್ನು ಈ ವೇದಿಕೆಯ ಮೇಲೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಆ ವಾರದ ಅಳತೆ ಪುಸ್ತಕದಲ್ಲಿ ಎಷ್ಟು ಚೌಕಟ್ಟು, ಎಷ್ಟು ಘನ ಮೀಟರ್ ಸಾಗವಾನಿ ಎಂಬುದನ್ನು ನನ್ನ ಕೈಯಿಂದಲೇ ಬರೆದು ಸಹಿ ಮಾಡಿದ್ದೇನೆ. ಆ ಎರಡು ಬೆರಳಿಗೆ ಅದರಲ್ಲಿ ಕಾಲಂ ಇರಲಿಲ್ಲ. ಅದೇ ತಿಂಗಳೋ ಅದರ ಮುಂದಿನ ತಿಂಗಳೋ ಬಸವ ಜಯಂತಿಯಲ್ಲಿ ಕಾಯಕದ ಮೇಲೆ ಭಾಷಣ ಮಾಡಿದ್ದೇನೆ. ಒಳ್ಳೆಯ ಭಾಷಣ ಅಂತ ಎಲ್ಲರೂ ಅಂದಿದ್ದರು.

ಇನ್ನೊಂದು ಮಾತು. ಆ ಕಾಲದಲ್ಲಿ ನಾನು ಅವರನ್ನು ‘ಏ ಬಡಿಗ್ಯಾ’ ಅಂತಲೇ ಕರೆಯುತ್ತಿದ್ದೆ. ಅವರು ನನಗಿಂತ ಏಳೆಂಟು ವರ್ಷ ದೊಡ್ಡವರು. ‘ಕಾಕಾ’ ಅನ್ನಲು ಶುರುಮಾಡಿದ್ದು ನಿವೃತ್ತಿಯ ನಂತರ. ಮಾದಾರ ಚೆನ್ನಯ್ಯನವರನ್ನು ಬಸವಣ್ಣನವರು ಏನೆಂದು ಕರೆದರು ಎಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಅದನ್ನು ಭಾಷಣದಲ್ಲಿ ಉದಾಹರಿಸಿ, ಮೆಟ್ಟಿಲಿಳಿದ ಕೂಡಲೇ ‘ಏ ಬಡಿಗ್ಯಾ’ ಅನ್ನುತ್ತಿದ್ದ ಮನುಷ್ಯ ನಾನು.

ಕರೆಂಟು ಹೋಗಿ ಬಂದರೆ ಯಂತ್ರ ತಾನಾಗಿಯೇ ಶುರುವಾಗಬಾರದು. ಅದಕ್ಕೆ ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಬೇಕು. ಇದೇನು ಹೊಸ ಸಂಶೋಧನೆಯಲ್ಲ, ನಮ್ಮ ಹೊಲದ ಪಂಪ್‌ಸೆಟ್ಟುಗಳ ಸ್ಟಾರ್ಟರಿನಲ್ಲೇ ಇರುತ್ತದೆ. ಹಸಿರು ಗುಂಡಿ ಒತ್ತಿದಾಗ ಕಾಯಿಲ್ ಒಂದು ಕಬ್ಬಿಣದ ತುಂಡನ್ನು ಎಳೆದು ಹಿಡಿಯುತ್ತದೆ, ಸಂಪರ್ಕ ಆಗುತ್ತದೆ. ಕರೆಂಟು ಹೋದ ಕ್ಷಣ ಕಾಯಿಲ್ ಕೈಬಿಡುತ್ತದೆ. ಮತ್ತೆ ಯಾರಾದರೂ ಗುಂಡಿ ಒತ್ತುವವರೆಗೂ ಮೋಟಾರು ತಿರುಗುವುದಿಲ್ಲ. ರೈತರು ಕೆಲವರು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಕಡ್ಡಿ ಸಿಗಿಸಿ, ಆಟೋ ಹಾಕಿ, ರಾತ್ರಿ ಕರೆಂಟು ಬಂದಾಗ ತಾನೇ ಚಾಲೂ ಆಗುವಂತೆ ಮಾಡುತ್ತಾರೆ. ನೀರಿಗೆ ಅದು ನಡೆಯಬಹುದು. ಗರಗಸಕ್ಕೆ ನಡೆಯುವುದಿಲ್ಲ.

ನಾನು ಈ ಯಂತ್ರಕ್ಕೆ ಹಾಕಿದ ಮೊದಲ ಹೊಸ ವಸ್ತು ಆ ಸ್ಟಾರ್ಟರು. ಬೇರಿಂಗಿಗಿಂತ ಮೊದಲು, ಬಣ್ಣಕ್ಕಿಂತ ಮೊದಲು ಅದನ್ನು ತಂದಿಟ್ಟಿದ್ದೆ. ಜೋಡಿಸಿದ ದಿನ ಕಾಕಾನನ್ನು ಕರೆದು, ಮೋಟಾರು ಚಾಲೂ ಮಾಡಿ, ಮನೆಯ ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ ತೋರಿಸಿದೆ. ಬ್ಲೇಡು ತಿರುಗಲಿಲ್ಲ. ಅವರು ಇನ್ನೊಮ್ಮೆ ಮಾಡಿ ಅಂದರು, ಮಾಡಿದೆ. ಮೂರನೆಯ ಸಲ ಅವರೇ ಹೋಗಿ ಸ್ವಿಚ್ ಹಾಕಿ ಬಂದರು. “ಇದಕ್ಕ ಎಷ್ಟು ರೊಕ್ಕರಿ?” ಅಂತ ಕೇಳಿದರು. ಹೇಳಿದೆ. ಆ ದಿನ ಕಟ್ಟಿಸಿದ ವಸತಿಗೃಹಗಳಲ್ಲಿ ಒಂದು ಬಾಗಿಲಿಗೆ ಹಾಕಿದ ಹಿತ್ತಾಳೆ ಹಿಡಿಕೆ, ಚಿಲಕಗಳ ವೆಚ್ಚ ಅದಕ್ಕಿಂತ ಬಹಳ ಕಡಿಮೆ ಇರಲಿಲ್ಲ. ಕಾಕಾ ಏನೂ ಮಾತಾಡಲಿಲ್ಲ. ಚಹಾ ಬಂತು, ಕುಡಿದು ಹೋದರು.

ಎರಡನೆಯದು ಈ ಪಟ್ಟಿ. ಇದಕ್ಕೆ ರಿವಿಂಗ್ ನೈಫ್ ಅನ್ನುತ್ತಾರೆ. ಹೆಸರಿಗೆ ಚಾಕು, ಅಂಚು ಮೊಂಡು. ಗುಂಡು ಗರಗಸದ ಮುಂದಿನ ಹಲ್ಲು ಕೆಳಗೆ ಇಳಿಯುತ್ತದೆ, ಹಿಂದಿನ ಹಲ್ಲು ಮೇಲೆ ಏಳುತ್ತದೆ. ಮರದೊಳಗೆ ಬಿಗಿತ ಇರುತ್ತದೆ, ಕೊಯ್ದಾಗ ಕೆಲವು ಹಲಗೆಗಳು ತಟ್ಟನೆ ಮುಚ್ಚಿಕೊಂಡು ಬ್ಲೇಡಿನ ಹಿಂಭಾಗವನ್ನು ಹಿಡಿಯುತ್ತವೆ. ಬೇಗ ಬೆಳೆದ ಅಕೇಶಿಯಾದಂಥ ಮರದಲ್ಲಿ ಇದು ಹೆಚ್ಚು. ಆಗ ಮೇಲೇಳುವ ಹಲ್ಲು ಹಲಗೆಯನ್ನೇ ಎತ್ತಿ, ಅದೇ 138 ಕಿಲೋಮೀಟರಿನ ಕಡೆಗೆ ವೇಗ ಕೊಟ್ಟು, ನಿಂತವನ ಹೊಟ್ಟೆಗೆ ಎಸೆಯುತ್ತದೆ. ಹಲಗೆ ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಹೋಗುತ್ತದೆ. ಬ್ಲೇಡಿನ ಬೆನ್ನಿಗೆ ಈ ಪಟ್ಟಿ ನಿಂತಿದ್ದರೆ ಕೊಯ್ದ ಸೀಳು ಮುಚ್ಚಿಕೊಳ್ಳುವುದೇ ಇಲ್ಲ. ಅಷ್ಟೇ ಇದರ ಕೆಲಸ.

ದಪ್ಪದಲ್ಲಿ ಲೆಕ್ಕವಿದೆ. ನನ್ನ ಬ್ಲೇಡಿನ ತಟ್ಟೆ 2 ಮಿಲಿಮೀಟರ್, ಹಲ್ಲಿನ ಅಗಲ 3 ಮಿಲಿಮೀಟರ್. ಪಟ್ಟಿ ಇವೆರಡರ ನಡುವೆ ಇರಬೇಕು, 2.5 ಹಾಕಿದ್ದೇನೆ. ಹಲ್ಲಿಗಿಂತ ದಪ್ಪವಾದರೆ ಮರ ಅದಕ್ಕೇ ಸಿಕ್ಕಿಕೊಳ್ಳುತ್ತದೆ, ತಟ್ಟೆಗಿಂತ ತೆಳುವಾದರೆ ಇದ್ದೂ ಇಲ್ಲದಂತೆ. ಬ್ಲೇಡಿನಿಂದ ಅಂತರ 5 ಮಿಲಿಮೀಟರ್, ಬ್ಲೇಡಿನ ಗುಂಡಿಗೆ ಸರಿಯಾಗಿ ಇದರ ಒಳ ಅಂಚು ಬಾಗಿದೆ. ನಮ್ಮ ಈ ಹಳೆಯ ಯಂತ್ರದಲ್ಲಿ ಒಂದು ಅನುಕೂಲ ಇತ್ತು. ಬ್ಲೇಡು ಏರಿಳಿಯುವುದಿಲ್ಲ, ಮೇಜೇ ಏರಿಳಿಯುತ್ತದೆ. ಹೀಗಾಗಿ ಪಟ್ಟಿಯನ್ನು ಬೇರಿಂಗಿನ ಪಕ್ಕ ಚಾಸಿಗೆ ಒಂದು ಸಲ ಗಟ್ಟಿಯಾಗಿ ಕೂರಿಸಿದರೆ ಬ್ಲೇಡಿನ ಜೊತೆ ಅಂತರ ಯಾವತ್ತೂ ಬದಲಾಗುವುದಿಲ್ಲ. ಬ್ಲೇಡು ಏರಿಳಿಯುವ ಯಂತ್ರದಲ್ಲಿ ಇದೂ ಅದರ ಜೊತೆಯೇ ಏರಿಳಿಯುವಂತೆ ಜೋಡಿಸಬೇಕು, ಅದು ಸ್ವಲ್ಪ ತಾಪತ್ರಯ. ಬ್ಲೇಡಿನ ಮೇಲೆ ಪಾಲಿಕಾರ್ಬೊನೇಟಿನ ಪಾರದರ್ಶಕ ಮುಚ್ಚಳ ಇಟ್ಟೆ. ಮೊದಲು ಅಕ್ರಿಲಿಕ್ ತಂದಿದ್ದೆ, ಅದು ಪೆಟ್ಟಿಗೆ ಚೂರಾಗುತ್ತದೆ ಅಂತ ತಿಳಿದ ಮೇಲೆ ಬದಲಿಸಿದೆ.

ಮರದ ಆಸರೆಪಟ್ಟಿ, ಫೆನ್ಸ್ ಅನ್ನುತ್ತಾರಲ್ಲ, ಅದು ಮೊದಲು ಒಂದು ರೀಪು ಮತ್ತು ಎರಡು ಸಿ-ಕ್ಲ್ಯಾಂಪು. ಈಗ ಚೌಕ ಪೈಪಿನದು. ಹಿಂದಿನ ತುದಿ ಕೂದಲೆಳೆಯಷ್ಟು ಹೊರಗೆ ಇರಬೇಕು, ಒಳಗೆ ಬಂದರೆ ಮರ ಬ್ಲೇಡಿಗೆ ಒತ್ತುತ್ತದೆ. ಇನ್ನು ಮರದ ಪುಡಿ. 1995ರಲ್ಲಿಯೇ ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆಯು ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಮೂಗಿನ ಒಳಭಾಗಕ್ಕೆ ತಗಲುವುದು. ನಮ್ಮ ಬಡಿಗೇರರು ಟವೆಲ್ ಕಟ್ಟಿಕೊಳ್ಳುತ್ತಾರೆ, ಅದು ಸಾಲದು. ನನ್ನ ಷೆಡ್ಡಿನ ಪುಡಿ ಒಮ್ಮೆ ಪೂಜೆಯ ಕೋಣೆಗೆ ಹೋಗಿ ಮನೆಯವರಿಂದ ಏನು ಕೇಳಬೇಕಾಯಿತೋ ಅದು ಈ ಸಭೆಗೆ ಬೇಡ.

ಚರ್ಮ ತಾಗಿದ ಕೂಡಲೇ ಬ್ಲೇಡನ್ನು ಹಿಡಿದು ನಿಲ್ಲಿಸುವ ಯಂತ್ರಗಳೂ ಇವೆ. 1999ರಲ್ಲಿ ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬುವರು ಕಂಡುಹಿಡಿದರು. ಮರಕ್ಕೂ ಮನುಷ್ಯನ ಮೈಗೂ ವಿದ್ಯುತ್ ಹರಿಯುವ ಗುಣ ಬೇರೆ, ಆ ವ್ಯತ್ಯಾಸವನ್ನು ಗುರುತಿಸಿ ಸೆಕೆಂಡಿನ ಸಾವಿರದ ಐದು ಭಾಗದೊಳಗೆ ಬ್ಲೇಡು ನಿಲ್ಲುತ್ತದೆ. ಅಂಥ ಯಂತ್ರ ನಮ್ಮ ಊರಿನ ಬಡಿಗೇರರ ಕೈಗೆ ಎಟುಕುವ ಬೆಲೆಯದಲ್ಲ. ಸ್ಟಾರ್ಟರು, ಪಟ್ಟಿ, ಮುಚ್ಚಳ, ಮರ ತಳ್ಳಲು ಒಂದು ಕೋಲು, ಇವು ಯಾರ ಕೈಗಾದರೂ ಎಟುಕುತ್ತವೆ. ಕಾನೂನು ಕೂಡ ಇತ್ತು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಂ ಯಂತ್ರದ ಅಪಾಯದ ಭಾಗಗಳಿಗೆ ಬೇಲಿ ಇರಬೇಕು ಅನ್ನುತ್ತಿತ್ತು. ಆದರೆ ಆ ಕಾಯ್ದೆಯ ಪ್ರಕಾರ ಕಾರ್ಖಾನೆ ಅನ್ನಿಸಿಕೊಳ್ಳಲು ವಿದ್ಯುತ್ ಇದ್ದಲ್ಲಿ ಹತ್ತು ಜನ ದುಡಿಯಬೇಕಿತ್ತು. ಬೇವಿನ ಗಿಡದ ಕೆಳಗೆ ಅಪ್ಪ, ಮಗ ಇಬ್ಬರೇ ದುಡಿಯುವಲ್ಲಿಗೆ ಕಾಯ್ದೆ ಬರುತ್ತಿರಲಿಲ್ಲ. ಅಲ್ಲಿಗೆ ಬರಬೇಕಾದವರು ನಾವು.

ಹಿಂದೆ ಒಂದು ಗೋಷ್ಠಿಯಲ್ಲಿ ಶರಣರೊಬ್ಬರು ನನ್ನನ್ನು ಕೇಳಿದ್ದರು, ಯಂತ್ರದಿಂದ ಮಾಡಿದ ಕೆಲಸ ಕಾಯಕ ಹೇಗಾದೀತು, ಶರಣರು ಕೈಯಿಂದ ದುಡಿದರಲ್ಲವೇ ಅಂತ. ಬಾಚಿ ಕಾಯಕದ ಬಸವಣ್ಣನವರ ಹೆಸರನ್ನೂ ತೆಗೆದರು. ಬಾಚಿ ಹಿಡಿದು ಮರ ಕೆತ್ತುತ್ತಿದ್ದ ಶರಣರು ಅವರು. ಅವರ ಪುಣ್ಯಸ್ತ್ರೀ ಕಾಳವ್ವೆಯವರೂ ವಚನಕಾರ್ತಿ. ನನ್ನ ಉತ್ತರ ಇಷ್ಟೇ: ಬಾಚಿಯೂ ಆ ಕಾಲದ ಯಂತ್ರವೇ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಮುದ್ರಣಯಂತ್ರ ತಂದು ಹಿತಚಿಂತಕ ಮುದ್ರಣಾಲಯ ನಡೆಸದೇ ಇದ್ದಿದ್ದರೆ ವಚನಗಳು ಇನ್ನೂ ಎಷ್ಟು ಕಾಲ ತಾಡೋಲೆಯಲ್ಲೇ ಇರುತ್ತಿದ್ದವೋ. ಗುಂಡು ಗರಗಸದ ಹುಟ್ಟಿನ ಬಗ್ಗೆಯೇ ಒಂದು ಕಥೆಯಿದೆ. ಇಂಗ್ಲೆಂಡಿನಲ್ಲಿ 1777ರಲ್ಲೇ ಸ್ಯಾಮ್ಯುಯೆಲ್ ಮಿಲ್ಲರ್ ಎಂಬುವರ ಪೇಟೆಂಟಿನಲ್ಲಿ ಅದರ ಪ್ರಸ್ತಾಪ ಬರುತ್ತದೆ. ಅಮೆರಿಕದಲ್ಲಿ ಮಾತ್ರ ಅದರ ಕೀರ್ತಿಯನ್ನು ಟ್ಯಾಬಿತಾ ಬ್ಯಾಬಿಟ್ ಎಂಬ ಹೆಣ್ಣುಮಗಳಿಗೆ ಕೊಡುವ ಹೇಳಿಕೆ ಬಹಳ ಹಳೆಯದು. ಇಬ್ಬರು ಗಂಡಸರು ಉದ್ದ ಗರಗಸ ಎಳೆಯುವಾಗ ಅರ್ಧ ಎಳೆತ ವ್ಯರ್ಥವಾಗುವುದನ್ನು ನೋಡಿ, ತನ್ನ ನೂಲುವ ರಾಟೆಯ ಚಕ್ರದಿಂದ ಆಕೆಗೆ ಅದು ಹೊಳೆಯಿತಂತೆ. ಆಕೆ ಶೇಕರ್ ಎಂಬ ಪಂಥದವಳು. ಹೆಣ್ಣು ಗಂಡು ಸಮಾನ, ಕೈಕೆಲಸವೇ ಪೂಜೆ ಅಂತ ನಡೆದ ಪಂಥ ಅದು. ಕಥೆ ಎಷ್ಟು ನಿಜವೋ ಎಂಬ ಬಗ್ಗೆ ಅಲ್ಲಿಯವರಲ್ಲೇ ಭಿನ್ನಾಭಿಪ್ರಾಯ ಇದೆ. ಓದುವಾಗ ನನಗೆ ಅನುಭವ ಮಂಟಪ ನೆನಪಾಯಿತು, ಅಷ್ಟು ಹೇಳಬಲ್ಲೆ.

ಆದರೆ ಆ ಶರಣರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಈಗ ನನಗೇ ಸಾಲದು ಅನ್ನಿಸುತ್ತದೆ. ಕಾಯಕ ಎಂಬ ಶಬ್ದದಲ್ಲಿ ಕಾಯ ಇದೆ. ಮೈ ಇದೆ. ದುಡಿಯುವ ಮೈಗೆ ಗಾಯವಾದರೆ ಯಾರು ನೋಡಬೇಕು ಎಂಬ ಪ್ರಶ್ನೆಯನ್ನು ನಾವು ಭಾಷಣಗಳಲ್ಲಿ ಎತ್ತಿಲ್ಲ. ಸತ್ಯಶುದ್ಧ ಕಾಯಕ ಅನ್ನುವಾಗ ಮಾಡುವವನ ಮನಸ್ಸಿನ ಶುದ್ಧಿ ನೋಡುತ್ತೇವೆ. ಮಾಡಿಸುವವನ ಶುದ್ಧಿ? ನಮ್ಮ ಸಮಾಜದಲ್ಲಿ ಈಗ ಮಾಡಿಸುವವರೇ ಹೆಚ್ಚು. ಗುತ್ತಿಗೆದಾರರಿದ್ದೇವೆ, ಅಭಿಯಂತರರಿದ್ದೇವೆ, ಮನೆ ಕಟ್ಟಿಸುವವರಿದ್ದೇವೆ, ಮಠದ ಕಟ್ಟಡ ಸಮಿತಿಯವರಿದ್ದೇವೆ. ಈ ಸಭೆಯಲ್ಲಿ ಕೈ ಎತ್ತಿಸಿದರೆ ಬಡಿಗತನ ಮಾಡುವವರು ಎಷ್ಟು ಜನ ಸಿಗುತ್ತಾರೆ? ಕೈ ಎತ್ತಿಸುವುದಿಲ್ಲ, ಹೆದರಬೇಡಿ.

ಕಪಾಟಿನ ಕಥೆ ಮುಗಿಸುತ್ತೇನೆ. ಯಂತ್ರ ಸಿದ್ಧವಾದ ದಿನ ಮೊದಲ ಹಲಗೆ ನಾನೇ ಕೊಯ್ದೆ. ಸಾಗವಾನಿ, ಒಂದಿಂಚು ದಪ್ಪ. ಕೈ ನಡುಗುತ್ತಿತ್ತು. ಕಾಕಾ ಬಲಗಡೆ ನಿಂತು, “ನೇರ ಹಿಂದ ನಿಂದರಬ್ಯಾಡ್ರಿ, ಒಂದ್ ಸ್ವಲ್ಪ ಎಡಕ್ಕ ಸರೀರಿ” ಅಂದರು. ಸರಿದೆ. ಹಲಗೆ ಪಟ್ಟಿಯ ಎರಡೂ ಕಡೆ ಜಾರಿ ಬಂತು. ಆಮೇಲೆ ಅವರು ಎಂಟು ಬೆರಳಲ್ಲಿ ಕೊಯ್ದ ಹಲಗೆಗೆ ರಂದಾ ಹೊಡೆಯುವುದೇ ಬೇಕಾಗಲಿಲ್ಲ, ನನ್ನದಕ್ಕೆ ಅರ್ಧ ಗಂಟೆ ಹೊಡೆಯಬೇಕಾಯಿತು.

ಕಪಾಟು ಆಯಿತು. ಅದಾದ ಮೇಲೆ ಇಲ್ಲಿನ ಪ್ರಸಾದ ನಿಲಯದ ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದುದನ್ನು ನೋಡಿ, ಇಳಿಜಾರಿನ ಚಿಕ್ಕ ಡೆಸ್ಕುಗಳನ್ನು ಮಾಡಲು ಶುರುಮಾಡಿದೆವು. ಇಪ್ಪತ್ತೆರಡು ಆಗಿವೆ, ಇನ್ನೂ ಹದಿನೆಂಟು ಆಗಬೇಕು. ಮರ ಮಠದ್ದು, ಕರೆಂಟು ನನ್ನದು, ಕೆಲಸದ ಕೂಲಿ ಕಾಕಾನದು. ಕೂಲಿಯ ವಿಷಯದಲ್ಲಿ ಸಮಿತಿಯಲ್ಲಿ ಒಬ್ಬರು, ಸೇವೆ ಅಂತ ಮಾಡಬಹುದಲ್ಲ ಅಂದರು. ಸೇವೆ ನಾನು ಮಾಡುತ್ತೇನೆ, ನನಗೆ ಪಿಂಚಣಿ ಇದೆ, ಅವರಿಗೆ ಕೂಲಿ ಕೊಡಬೇಕು ಅಂದೆ. ಅಪ್ಪಗಳು ಅದೇ ಸರಿ ಅಂದರು.

ಕಾಕಾನ ಮಗ ಪುಣೆಯಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ಬಂದಿದ್ದಾಗ ನಮ್ಮ ಷೆಡ್ಡಿಗೆ ಬಂದು, ಯಂತ್ರದ ಸುತ್ತ ತಿರುಗಿ, ಪಟ್ಟಿಯ ಫೋಟೋ ತೆಗೆದುಕೊಂಡ. ತಾನು ದುಡಿಯುವಲ್ಲಿ ಇದಿಲ್ಲ, ಮುಚ್ಚಳ ಇತ್ತು, ಕೆಲಸಕ್ಕೆ ಅಡ್ಡ ಅಂತ ಬಿಚ್ಚಿ ಮೂಲೆಗೆ ಎಸೆದಿದ್ದಾರೆ ಅಂದ. ನಾನು ಒಂದು ಪಟ್ಟಿ ಕತ್ತರಿಸಿ ಕೊಟ್ಟೆ. ಅಲ್ಲಿನ ಬ್ಲೇಡಿನ ದಪ್ಪ ಗೊತ್ತಿಲ್ಲದೆ ಕೊಟ್ಟದ್ದು ತಪ್ಪಾಯಿತು. ತೆಳುವಾಗಿದೆಯಂತೆ, ಮೊನ್ನೆ ಫೋನು ಮಾಡಿದ್ದ. ಅಳತೆ ಕಳಿಸು ಅಂದಿದ್ದೇನೆ.

ಅದಕ್ಕೇ ಈ ಪಟ್ಟಿ ತಂದದ್ದು. ನಿಮ್ಮ ನಿಮ್ಮ ಊರಿನಲ್ಲಿ ಇಂಥ ಯಂತ್ರ ಇಟ್ಟುಕೊಂಡ ಬಡಿಗೇರರು ಇದ್ದೇ ಇರುತ್ತಾರೆ. ಮುಂದಿನ ಗೋಷ್ಠಿಗೆ ಬರುವಾಗ ಮೂರು ಅಳತೆ ತನ್ನಿ: ಬ್ಲೇಡಿನ ವ್ಯಾಸ, ತಟ್ಟೆಯ ದಪ್ಪ, ಹಲ್ಲಿನ ಅಗಲ. ವರ್ನಿಯರ್ ಇಲ್ಲದಿದ್ದರೆ ಬಡಿಗೇರರನ್ನೇ ಕರೆದುಕೊಂಡು ಬನ್ನಿ, ನನ್ನ ಬಳಿ ಇದೆ. ಬ್ಲೇಡು ಏರುತ್ತದೋ ಮೇಜು ಏರುತ್ತದೋ ಅದನ್ನೂ ಕೇಳಿಕೊಂಡು ಬನ್ನಿ. ಪಟ್ಟಿ ನಾನು ಕತ್ತರಿಸಿ ಕೊಡುತ್ತೇನೆ. ಸ್ಟಾರ್ಟರು ಮಾತ್ರ ಕೊಳ್ಳಬೇಕಾಗುತ್ತದೆ, ಕೊಳ್ಳಲು ಆಗದವರ ವಿಷಯ ಅಪ್ಪಗಳ ಜೊತೆ ಮಾತಾಡಿದ್ದೇನೆ.

ಕಾಕಾ ಇವತ್ತು ಬಂದಿದ್ದಾರೆ. ಹಿಂದೆ ಕಂಬದ ಹತ್ತಿರ ಕೂತಿದ್ದಾರೆ. ಮುಂದೆ ಬನ್ನಿ ಅಂತ ಎರ­ಡು ಸಲ ಕರೆದೆ, ಇಲ್ಲೇ ಗಾಳಿ ಚಲೋ ಬರ್ತೈತ್ರಿ ಅಂದರು. ಬೇರಿಂಗು, ಪಟ್ಟಿ ನೋಡಬೇಕು ಅನ್ನುವವರು ಪ್ರಸಾದದ ಪಂಕ್ತಿ ಮುಗಿದ ಮೇಲೆ ಅವರ ಹತ್ತಿರ ಹೋಗಿ ಕೇಳಿ. ನನಗಿಂತ ಚೆನ್ನಾಗಿ ಅವರು ಹೇಳುತ್ತಾರೆ.